ಗೋಕಾಕ ಜಲಪಾತ ಹೆಪ್ಪುಗಟ್ಟಿದರೆ: ಎವರೆಸ್ಟಿನ ರೂಢಿಯ ದಾರಿ ಹುಟ್ಟಿದ ಬಗೆ

ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಬಂದಾಗ ಗೋಕಾಕ ಜಲಪಾತದ ಎದುರು ನಿಂತು ನೋಡಿ. 52 ಮೀಟರ್ ಎತ್ತರದಿಂದ ಧುಮುಕುವ ಆ ಕೆಂಪು ನೀರೆಲ್ಲ ಬೀಳುತ್ತಿರುವಾಗಲೇ ಹೆಪ್ಪುಗಟ್ಟಿತು ಎಂದುಕೊಳ್ಳಿ. ಅಂಥ ಹನ್ನೊಂದು ಹನ್ನೆರಡು ಜಲಪಾತಗಳನ್ನು ಒಂದರ ಮೇಲೊಂದು ಪೇರಿಸಿ, ತುಸು ಹಿಂದಕ್ಕೆ ವಾಲಿಸಿ. ಹೆಪ್ಪುಗಟ್ಟಿದ ಮೇಲೂ ಅದು ನಿಂತಿಲ್ಲ. ದಿನಕ್ಕೆ ಸುಮಾರು ಒಂದು ಮೀಟರಿನಂತೆ ಕೆಳಗೆ ಜಾರುತ್ತಲೇ ಇದೆ. ಮನೆಯಷ್ಟು ದೊಡ್ಡ ಮಂಜುಗಡ್ಡೆಗಳು ಯಾವ ಗಳಿಗೆಯಲ್ಲಾದರೂ ಉರುಳಬಹುದು. 8,848.86 ಮೀಟರ್ ಎತ್ತರದ ಎವರೆಸ್ಟನ್ನು ನೇಪಾಳದ ಕಡೆಯಿಂದ ಏರುವ ರೂಢಿಯ ದಾರಿ ಶುರುವಾಗುವುದೇ ಇಂಥ ಜಾಗದಿಂದ. ಅದರ ಹೆಸರು ಖುಂಬು ಐಸ್‌ಫಾಲ್.

ಇದನ್ನು ‘ಹಿಮಪಾತ’ ಎಂದು ಬರೆಯುವುದುಂಟು. ಕಾಶ್ಮೀರದಲ್ಲಿ ಹಿಮ ಸುರಿದರೂ ಹಿಮಪಾತ, ಬೆಟ್ಟದ ಮೈಯಿಂದ ಹಿಮ ಕುಸಿದರೂ ಹಿಮಪಾತ, ಇದೂ ಹಿಮಪಾತ. ಹೀಗಾದರೆ 2014ರಲ್ಲಿ ಈ ಜಾಗದ ಮೇಲೆ ಹಿಮ ಕುಸಿದು ಜನ ಸತ್ತ ದುರಂತವನ್ನು ‘ಹಿಮಪಾತದ ಮೇಲೆ ಹಿಮಪಾತವಾಯಿತು’ ಎಂದು ಹೇಳಬೇಕಾಗುತ್ತದೆ. ಹಾಗಾಗಿ ಈ ಲೇಖನದ ಮಟ್ಟಿಗೆ ಐಸ್‌ಫಾಲ್ ಎಂದೇ ಇರಲಿ.

ಇಷ್ಟು ಅಪಾಯದ ಬಾಗಿಲನ್ನು ಜನ ಯಾಕೆ ಆರಿಸಿಕೊಂಡರು? ನಿಜ ಹೇಳಬೇಕೆಂದರೆ ಯಾರೂ ಇಷ್ಟಪಟ್ಟು ಆರಿಸಿಕೊಳ್ಳಲಿಲ್ಲ. ಬೇರೆ ಬಾಗಿಲು ಮುಚ್ಚಿಹೋಯಿತು, ಅಷ್ಟೇ.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ನೇಪಾಳ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಬ್ರಿಟಿಷರ ಎಲ್ಲ ಪ್ರಯತ್ನಗಳೂ ಟಿಬೆಟ್ಟಿನ ಕಡೆಯಿಂದ, ಅಂದರೆ ಉತ್ತರದಿಂದಲೇ ನಡೆದವು. 1921ರಲ್ಲಿ ದಾರಿ ಹುಡುಕಲು ಬಂದ ತಂಡದಲ್ಲಿದ್ದ ಜಾರ್ಜ್ ಮ್ಯಾಲರಿ ಗಡಿಯ ಏಣಿನ, ಅಂದರೆ ಬೆಟ್ಟದ ಚೂಪು ಬೆನ್ನಿನ, ಮೇಲೆ ನಿಂತು ನೇಪಾಳದ ಕಡೆಗೆ ಇಣುಕಿದರು. ಕಂಡದ್ದು ಒಡೆದು ಚೂರಾದ ಹಿಮನದಿ. ಅದರ ಹಿಂದೆ ಮೂರು ಕಡೆ ಗೋಡೆ ಕಟ್ಟಿದಂಥ ಒಂದು ತಗ್ಗು. ಆ ತಗ್ಗಿಗೆ ಅವರು ವೇಲ್ಸಿನ ಒಂದು ಪದ ಸೇರಿಸಿ ‘ವೆಸ್ಟರ್ನ್ ಕೂಮ್’ ಎಂದು ಹೆಸರಿಟ್ಟರು. ಇಂಗ್ಲಿಷಿನವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗುತ್ತದೆ, ಸವದತ್ತಿಯ ಏಳುಕೊಳ್ಳದ ಎಲ್ಲಮ್ಮನನ್ನು ಬಲ್ಲ ನಮಗೆ ಬೇಕಿಲ್ಲ. ಅದು ಕೊಳ್ಳ, ಪಶ್ಚಿಮ ಕೊಳ್ಳ. ಆ ಕಡೆಯಿಂದ ಹತ್ತುವುದು ಮ್ಯಾಲರಿಗೆ ಆಶಾದಾಯಕವಾಗಿ ಕಾಣಲಿಲ್ಲ. 1924ರಲ್ಲಿ ಅವರೂ ಆ್ಯಂಡ್ರ್ಯೂ ಇರ್ವಿನ್ನರೂ ಉತ್ತರದ ಏಣಿನ ಮೇಲೆಯೇ ಕಣ್ಮರೆಯಾದರು.

1950ರಲ್ಲಿ ಚೀನಾ ಟಿಬೆಟ್ಟಿಗೆ ನುಗ್ಗಿತು. ಪಶ್ಚಿಮದ ಆರೋಹಿಗಳಿಗೆ ಉತ್ತರದ ಬಾಗಿಲು ಮುಚ್ಚಿತು. ಅದೇ ಹೊತ್ತಿಗೆ ನೇಪಾಳ ತನ್ನ ಬಾಗಿಲು ತೆರೆಯತೊಡಗಿತ್ತು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಕಡತಗಳಲ್ಲಿ ಹಳೆಯ ವಿಮಾನ ಛಾಯಾಚಿತ್ರಗಳನ್ನೂ ನಕಾಶೆಯನ್ನೂ ಕೆದಕಿದ ಮೈಕಲ್ ವಾರ್ಡ್ ಎಂಬ ಯುವ ವೈದ್ಯರಿಗೆ ದಕ್ಷಿಣದಿಂದ ಒಂದು ದಾರಿ ಇರಬಹುದೆನಿಸಿತು. 1951ರ ಶರತ್ಕಾಲದಲ್ಲಿ ಎರಿಕ್ ಶಿಪ್ಟನ್ ಮುಂದಾಳತ್ವದ ತಂಡ ಹೊರಟಿತು; ವಾರ್ಡ್ ಜೊತೆಗಿದ್ದರು, ಎಡ್ಮಂಡ್ ಹಿಲರಿಯೂ ಇದ್ದರು. ಎದುರಿನ ಪುಮೋರಿ ಶಿಖರದ ಇಳಿಜಾರು ಹತ್ತಿ ಶಿಪ್ಟನ್ ಮತ್ತು ಹಿಲರಿ ನೋಡಿದಾಗ ಕೊಳ್ಳದಿಂದ ಮೇಲಿನ ಇಡೀ ದಾರಿ ಕಣ್ಣೆದುರು ತೆರೆದುಕೊಂಡಿತು. ಐಸ್‌ಫಾಲ್ ದಾಟಿದರೆ ಸಾಕು, ಮುಂದಿನದು ಸಾಧ್ಯ. ಆದರೆ ಅದರ ನೆತ್ತಿಯಲ್ಲಿದ್ದ ಭಾರಿ ಬಿರುಕೊಂದು ಅವರನ್ನು ಹಿಂದಕ್ಕೆ ಕಳಿಸಿತು.

ಆ ಬಿರುಕು ದಾಟಿದವರು ಸ್ವಿಟ್ಜರ್ಲೆಂಡಿನವರು. ಎವರೆಸ್ಟಿನ ಕತೆಯಲ್ಲಿ ಇವರಿಗೆ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ತಕರಾರು. 1952ರ ವಸಂತದಲ್ಲಿ ಜಾನ್ ಜಾಕ್ ಆಸ್ಪರ್ ಹಗ್ಗ ಹಿಡಿದು ಬಿರುಕಿನೊಳಗೆ ಇಳಿದು, ಆಚೆಯ ಗೋಡೆ ಹತ್ತಿ ಮೇಲೆದ್ದರು. ಅಲ್ಲಿಗೆ ಹಗ್ಗದ ಸೇತುವೆ ಕಟ್ಟಲಾಯಿತು. ಗೋಕಾಕದ ತೂಗುಸೇತುವೆಯ ಮೇಲೆ ಕಾಲಿಟ್ಟು ಕಂಬಿಯನ್ನು ಬಿಗಿಯಾಗಿ ಹಿಡಿದವರಿಗೆ ಅದರ ಅಂದಾಜು ಸಿಗಬಹುದು, ಆದರೆ ಅಲ್ಲಿ ಕಾಲಡಿಗೆ ಹಲಗೆ ಇರಲಿಲ್ಲ. ಅದೇ ಮೇ 28ರಂದು ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ನೋರ್ಗೆ 8,600 ಮೀಟರಿನ ಹತ್ತಿರ ಮುಟ್ಟಿ ಮರಳಿದರು.

ಇಂದಿನ ದಾರಿಯ ಒಂದು ಮುಖ್ಯ ತಿರುವು ಗಟ್ಟಿಯಾದದ್ದು ಆ ವರ್ಷದ ಎರಡನೆಯ ಯತ್ನದಲ್ಲಿ. ವಸಂತದಲ್ಲಿ ಅವರು ಕೊಳ್ಳದಿಂದ ಸೌತ್ ಕೋಲ್‌ಗೆ, ಅಂದರೆ ಎವರೆಸ್ಟ್ ಮತ್ತು ಲೋತ್ಸೆ ಶಿಖರಗಳ ನಡುವೆ ಕುದುರೆಯ ಜೀನಿನಂತೆ ತಗ್ಗಿದ ಸುಮಾರು 7,900 ಮೀಟರಿನ ಜಾಗಕ್ಕೆ, ಬಂಡೆಯ ಏಣಿನ ಪಕ್ಕದಿಂದ ನೆಟ್ಟಗೆ ಹತ್ತಿದ್ದರು. ಶರತ್ಕಾಲದಲ್ಲಿ ಅಲ್ಲಿಯೇ ಮೇಲಿಂದ ಬಿದ್ದ ಮಂಜಿನ ಚೂರುಗಳು ಮಿಂಗ್ಮಾ ದೋರ್ಜೆ ಎಂಬ ಶೆರ್ಪಾರನ್ನು ಕೊಂದವು. ಆಮೇಲೆ ತಂಡ ಬಲಕ್ಕೆ ಸರಿದು ಲೋತ್ಸೆಯ ಹಿಮದ ಗೋಡೆಯನ್ನು ಹಿಡಿಯಿತು. ಮರುವರ್ಷದ ಬ್ರಿಟಿಷ್ ತಂಡವೂ ಅದನ್ನೇ ಅನುಸರಿಸಿತು, ಈಗಿನವರೂ ಅಲ್ಲಿಂದಲೇ ಹತ್ತುತ್ತಾರೆ.

1953ರ ಮೇ 29 ಎಲ್ಲರಿಗೂ ಗೊತ್ತು. ಹಿಲರಿ ಮತ್ತು ತೇನ್‌ಸಿಂಗ್ ತುದಿಯಲ್ಲಿ ನಿಂತ ಆ ದಿನದಿಂದ ದಾರಿ ‘ರೂಢಿ’ಯಾಗುತ್ತ ಬಂತು. ಭಾರತದ ತಂಡಗಳು 1960 ಮತ್ತು 1962ರಲ್ಲಿ ತುದಿಯ ಸಮೀಪದಿಂದ ಹಿಂತಿರುಗಿದವು, 1965ರಲ್ಲಿ ಎಂ.ಎಸ್. ಕೊಹ್ಲಿ ನೇತೃತ್ವದ ತಂಡದ ಒಂಬತ್ತು ಜನ ಇದೇ ದಾರಿಯಿಂದ ಏರಿದರು. 1984ರಲ್ಲಿ ಬಚೇಂದ್ರಿ ಪಾಲ್. 1985ರಲ್ಲಿ ಡಿಕ್ ಬಾಸ್ ಎಂಬ ಅಮೆರಿಕದ ಸಿರಿವಂತರು ನುರಿತ ಮಾರ್ಗದರ್ಶಕರ ಜೊತೆ ಹತ್ತಿಳಿದ ಮೇಲೆ, ಹಣ ಕೊಟ್ಟರೆ ಕರೆದೊಯ್ಯುವ ವ್ಯವಹಾರ ಕುದುರಿತು. ಉತ್ತರದ ದಾರಿ ಮತ್ತೆ ತೆರೆದರೂ ಜನಸಂದಣಿ ದಕ್ಷಿಣದಲ್ಲೇ ಉಳಿಯಿತು. ಯಾಕೆಂದರೆ ದಾರಿಯ ಜೊತೆಗೆ ಒಂದು ದುಡಿಮೆಯ ವ್ಯವಸ್ಥೆಯೂ ಇಲ್ಲಿ ಬೆಳೆದಿತ್ತು.

ನಮ್ಮ ಅಡತಿ ಅಂಗಡಿಗಳ ಮುಂದೆ ಚೀಲ ಹೊರುವವರು ಹಮಾಲರು. ಅದು ಕೆಲಸದ ಹೆಸರು. ಶೆರ್ಪಾ ಎನ್ನುವುದು ಹಾಗಲ್ಲ, ಒಂದು ಜನಾಂಗದ ಹೆಸರು. ಹೊರಗಿನವರು ಅದನ್ನೇ ಕೆಲಸದ ಹೆಸರು ಮಾಡಿಬಿಟ್ಟರು. ಹಣ ಕೊಟ್ಟು ಬಂದವರು ಐಸ್‌ಫಾಲನ್ನು ಕೆಲವೇ ಸಲ ದಾಟುತ್ತಾರೆ. ಡೇರೆ, ಹಗ್ಗ, ಆಮ್ಲಜನಕದ ಸಿಲಿಂಡರು, ಅಡುಗೆಯ ಅನಿಲ ಹೊತ್ತವರು ಒಂದೇ ಹಂಗಾಮಿನಲ್ಲಿ ಮತ್ತೆ ಮತ್ತೆ ದಾಟಬೇಕು. 2014ರ ಏಪ್ರಿಲ್ 18ರ ಬೆಳಿಗ್ಗೆ ಎವರೆಸ್ಟಿನ ಪಶ್ಚಿಮ ಭುಜದಿಂದ ಕಳಚಿದ ಮಂಜಿನ ರಾಶಿ ಐಸ್‌ಫಾಲಿನಲ್ಲಿದ್ದವರ ಮೇಲೆ ಬಿತ್ತು. ಸತ್ತವರು 16 ಮಂದಿ, ಎಲ್ಲರೂ ನೇಪಾಳದ ಕೆಲಸಗಾರರು. ಹಣ ಕೊಟ್ಟು ಬಂದವರು ಒಬ್ಬರೂ ಇರಲಿಲ್ಲ. ಮರುವರ್ಷ ದಾರಿಯನ್ನು ಆ ಭುಜದಿಂದ ದೂರಕ್ಕೆ, ಐಸ್‌ಫಾಲಿನ ನಡುವಿಗೆ ಸರಿಸಿದರು. ಆದರೆ ಆ ವರ್ಷ ಏಪ್ರಿಲ್ 25ರ ಭೂಕಂಪದಲ್ಲಿ ಹಿಮ ಕುಸಿದದ್ದು ಕೆಳಗಿನ ಬೇಸ್ ಕ್ಯಾಂಪಿನ ಮೇಲೆ.

ಐಸ್‌ಫಾಲನ್ನು ಸುತ್ತಿಹೋಗುವ ಹುಡುಕಾಟವೂ ನಡೆದಿದೆ. ಫ್ರೆಂಚ್ ಆರೋಹಿ ಮಾರ್ಕ್ ಬತಾರ್ ಪಕ್ಕದ ನುಪ್ತ್ಸೆ ಶಿಖರದ ಕಡೆಯ ಬಂಡೆಗಳ ಮೇಲಿಂದ ಹಾದಿ ಮಾಡಲು ನೋಡಿದರು. ಅದು ಇನ್ನೂ ಬಳಕೆಗೆ ಬಂದಿಲ್ಲ. ಈಚೆಗೆ ಏಣಿ, ಹಗ್ಗಗಳನ್ನು ಡ್ರೋನ್ ಮೂಲಕ ಸಾಗಿಸುವುದು ಶುರುವಾಗಿದೆ. ನನ್ನ ಮಟ್ಟಿಗೆ, ಶಿಖರದ ತುದಿಯ ದಾಖಲೆಗಳಿಗಿಂತ ಇದು ದೊಡ್ಡ ಸುದ್ದಿ. ಒಂದು ಹೊರೆ ಗಾಳಿಯಲ್ಲಿ ಹೋದರೆ ಒಬ್ಬನ ಒಂದು ಸರದಿ ಉಳಿಯಿತು.

ದಾರಿ ಎನ್ನುತ್ತೇವಾದರೂ ಐಸ್‌ಫಾಲಿನಲ್ಲಿ ಅದು ವರ್ಷವಿಡೀ ಇರುವುದಿಲ್ಲ. ‘ಐಸ್‌ಫಾಲ್ ಡಾಕ್ಟರ್’ ಎಂದು ಕರೆಸಿಕೊಳ್ಳುವ ಶೆರ್ಪಾಗಳ ಸಣ್ಣ ಗುಂಪೊಂದು ಚಳಿಗಾಲ ಮುಗಿಯುವ ಹೊತ್ತಿಗೆ ಬಂದು, ಬಿರುಕುಗಳಿಗೆ ಅಲ್ಯೂಮಿನಿಯಂ ಏಣಿ ಹಾಸಿ, ಹಗ್ಗ ಬಿಗಿದು ಹೊಸದಾಗಿ ದಾರಿ ಮಾಡುತ್ತದೆ. ಮಂಜು ಸರಿದಂತೆ ಏಣಿ ಬಾಗುತ್ತದೆ, ಅವರು ಮತ್ತೆ ಹೋಗಿ ಸರಿಪಡಿಸುತ್ತಾರೆ. ಮೇ ತಿಂಗಳ ಕೊನೆಗೆ ಮುಂಗಾರು ಹತ್ತಿರವಾಗುತ್ತಲೇ ಏಣಿಗಳನ್ನು ಬಿಚ್ಚುತ್ತಾರೆ. ಆಮೇಲೆ ಅದೇ ಮುಂಗಾರು ಸಹ್ಯಾದ್ರಿಯಲ್ಲಿ ಸುರಿದು, ಹಿಡಕಲ್ ಜಲಾಶಯ ತುಂಬಿ, ಗೋಕಾಕದಲ್ಲಿ ಧುಮುಕುತ್ತದೆ.