ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಯಾರೂ ಕೊಡುವುದಿಲ್ಲ

ಈ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಅನ್ನುವ ವಿಡಿಯೋ ನೋಡಿಕೊಂಡು ವಾರಕ್ಕೆ ಒಬ್ಬರಾದರೂ ನನ್ನ ಹತ್ತಿರ ಬರುತ್ತಾರೆ. ಕರ್ಚೀಫಿನ ಗಂಟು ಬಿಚ್ಚಿ, ಹತ್ತು ರೂಪಾಯಿ ನಾಣ್ಯ ಮೇಜಿನ ಮೇಲಿಟ್ಟು, ದನಿ ತಗ್ಗಿಸಿ ಕೇಳುತ್ತಾರೆ: "ಸಾರ್, ವೈಷ್ಣೋದೇವಿದು. ಎಷ್ಟು ಲಕ್ಷ ಬರುತ್ತೆ?"

ಹತ್ತು ರೂಪಾಯಿ ಬರುತ್ತದೆ. ಯಾರ ಕೈಗೂ ಹೋಗದೆ ಹೊಸ ಹೊಳಪು ಹಾಗೇ ಉಳಿದಿದ್ದರೆ ಸಂಗ್ರಹಕಾರರು ಸ್ವಲ್ಪ ಜಾಸ್ತಿ ಕೊಡಬಹುದು. ಎಷ್ಟು ಅಂತ ನಾಣ್ಯ ನೋಡದೆ ಹೇಳಲಾರೆ, ಆದರೆ ಲಕ್ಷವಂತೂ ಅಲ್ಲ.

ವೈಷ್ಣೋದೇವಿ ದೇವಸ್ಥಾನದ ಮಂಡಳಿ ಶುರುವಾಗಿದ್ದು 1986ರಲ್ಲಿ. ಅದರ ಬೆಳ್ಳಿಹಬ್ಬದ ನೆನಪಿಗೆ ಬಂದ ನಾಣ್ಯ ಇದು, ಮೇಲಿರುವ ಇಸವಿ 2012. 27 ಮಿಲಿಮೀಟರ್ ಅಗಲ, 7.71 ಗ್ರಾಂ ತೂಕ, ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. ಆಗಿನ ಮಾಮೂಲಿ ಹತ್ತರ ನಾಣ್ಯದ ಅಳತೆ, ತೂಕವೂ ಇದೇ. ಒಂದು ಕಡೆ ಸಿಂಹಗಳು, ಇನ್ನೊಂದು ಕಡೆ ಮಾತ್ರ ಅಚ್ಚು ಬೇರೆ. ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ: ಚಿತ್ರ ಬದಲಾದ ಮಾತ್ರಕ್ಕೆ ನಾಣ್ಯ ಅಪರೂಪ ಆಗುವುದಿಲ್ಲ. ಚಲಾವಣೆಗೆ ಬಿಡುವ ನಾಣ್ಯವನ್ನು ಜನರ ಕೈಗೆ ಸಿಗಲಿ ಅಂತಲೇ ರಾಶಿಗಟ್ಟಲೆ ಹೊಡೆಯುತ್ತಾರೆ, ಅಲ್ವಾ? 1964ರ ನೆಹರೂ ರೂಪಾಯಿ ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ, ಅದೇ ಇವತ್ತಿಗೂ ಸುಲಭವಾಗಿ ಸಿಗುತ್ತದೆ. 2006ರ ಬಸವಣ್ಣನವರ ಐದು ರೂಪಾಯಿಯನ್ನೂ ಜನ ಇದೇ ಆಸೆಯಿಂದ ತರುತ್ತಾರೆ. ಟಂಕಸಾಲೆಯವರು ಪೆಟ್ಟಿಗೆಯಲ್ಲಿಟ್ಟು ಮುಖಬೆಲೆಗಿಂತ ಜಾಸ್ತಿಗೆ ಮಾರುವ ನೂರು, ಸಾವಿರ ರೂಪಾಯಿಯ ನಾಣ್ಯಗಳ ಲೆಕ್ಕ ಬೇರೆ. ಅದನ್ನೂ ಇದನ್ನೂ ಬೆರೆಸಬೇಡಿ.

ಇಸವಿಯ ಕೆಳಗಿನ ಗುರುತು ನಾಣ್ಯ ಯಾವ ಟಂಕಸಾಲೆಯದು ಅಂತ ಹೇಳುತ್ತದೆ, ಅಷ್ಟೇ. ನಕ್ಷತ್ರ ಇದ್ದರೆ ಅದು ಹೈದರಾಬಾದಿನಲ್ಲಿ ಹೊಡೆದದ್ದು. ಚುಕ್ಕೆ ಇದ್ದರೆ ನೋಯ್ಡಾ. ವಜ್ರದ ಆಕಾರ ಇದ್ದರೆ ಮುಂಬೈ. ಯಾವ ಗುರುತೂ ಇಲ್ಲದಿದ್ದರೆ ತಪ್ಪಾಗಿ ಅಚ್ಚಾದದ್ದಲ್ಲ, ಕೋಲ್ಕತ್ತಾದ್ದು.

ಇದೇ ನಾಣ್ಯವನ್ನು ನಕಲಿ ಅಂತ ವಾಪಸ್ ಕೊಡುವ ಅಂಗಡಿಯವರೂ ಇದ್ದಾರೆ. ಹತ್ತು ರೂಪಾಯಿಯ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ.

ನನಗೆ ಸಿಟ್ಟು ಬರುವುದು ಬರುವವರ ಮೇಲೆ ಅಲ್ಲ, ಅವರಿಗೆ ಆಸೆ ಹುಟ್ಟಿಸಿದ ವಿಡಿಯೋಗಳ ಮೇಲೆ. ಹೋದ ತಿಂಗಳು ಹೂ ಮಾರುವ ಅಮ್ಮ ಒಬ್ಬರು ಬಂದಿದ್ದರು. ಮೊಮ್ಮಗ ನಾಣ್ಯದ ಫೋಟೋ ಹಾಕಿದ್ದನಂತೆ, ಯಾರೋ ರಿಸರ್ವ್ ಬ್ಯಾಂಕಿನವರು ಅಂತ ಫೋನ್ ಮಾಡಿ, ಹತ್ತು ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅಂದರಂತೆ. 3,200 ರೂಪಾಯಿ ಕಟ್ಟಿದ್ದರು. ಆ ಬ್ಯಾಂಕ್ ಇಂಥ ವ್ಯವಹಾರ ಮಾಡುವುದೂ ಇಲ್ಲ, ಕಮಿಷನ್ ಕೇಳುವುದೂ ಇಲ್ಲ ಅಂತ 2021ರಲ್ಲೇ ಎಚ್ಚರಿಸಿದೆ. ಆ ಮಾತು ಆ ಅಮ್ಮನ ತನಕ ಮುಟ್ಟಿಯೇ ಇರಲಿಲ್ಲ. ಸಾಲದ್ದಕ್ಕೆ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದರು. ದಯವಿಟ್ಟು ಯಾವ ನಾಣ್ಯವನ್ನೂ ಉಜ್ಜಬೇಡಿ, ಇರುವ ಬೆಲೆಯೂ ಹೋಗುತ್ತದೆ.

ಮೊಮ್ಮಗನನ್ನು ಕರೆಸಿ ಅಲ್ಲೇ ಕೂರಿಸಿಕೊಂಡು ಸೈಬರ್ ವಂಚನೆಯ ದೂರು ಕೊಡುವ 1930 ನಂಬರಿಗೆ ಫೋನ್ ಮಾಡಿಸಿದೆ. ದುಡ್ಡು ವಾಪಸ್ ಬರುತ್ತದೆ ಅಂತ ನಾನು ಮಾತು ಕೊಡಲಿಲ್ಲ. ಹೊರಡುವಾಗ, ನಾಣ್ಯ ನಾನೇ ಇಟ್ಟುಕೊಳ್ಳಲಾ ಅಂತ ಕೇಳಿದೆ.

"ಬೇಡ ಬಿಡಪ್ಪ, ದೇವರ ಗೂಡಲ್ಲಿ ಇಡ್ತೀನಿ" ಅಂತ ಸೆರಗಿಗೆ ಗಂಟು ಹಾಕಿಕೊಂಡರು.