ಬ್ಯಾಕ್‌ಹಾಲ್: ರೌಟರುಗಳ ನಡುವಿನ ದಾರಿ

ಮನೆಯ ವೈಫೈ ಸಾಲದೆ ಇನ್ನೊಂದು ರೌಟರ್ ಸೇರಿಸಿದಾಗ, ಆ ಹೊಸ ರೌಟರಿಗೂ ಇಂಟರ್ನೆಟ್ ಬರುವ ಮುಖ್ಯ ರೌಟರಿಗೂ ನಡುವೆ ಇರುವ ಸಂಪರ್ಕಮಾರ್ಗವನ್ನು ಬ್ಯಾಕ್‌ಹಾಲ್ ಎನ್ನುತ್ತಾರೆ. ಫೋನು, ಲ್ಯಾಪ್‌ಟಾಪು, ಟಿ.ವಿ.ಗಳು ಹತ್ತಿರದ ರೌಟರಿನೊಡನೆ ನಡೆಸುವ ವ್ಯವಹಾರ ಒಂದು ಹಂತವಾದರೆ, ರೌಟರುಗಳು ತಮ್ಮೊಳಗೆ ನಡೆಸುವ ವ್ಯವಹಾರ ಇನ್ನೊಂದು ಹಂತ. ಬ್ಯಾಕ್‌ಹಾಲ್ ಎಂದರೆ ಈ ಎರಡನೆಯದು. ಅದು ಗೋಡೆಯೊಳಗೆ ಎಳೆದ ಕೇಬಲ್ ಆಗಿರಬಹುದು, ಇಲ್ಲವೇ ರೇಡಿಯೊ ಅಲೆಯೇ ಆಗಿರಬಹುದು. ಕೊಳ್ಳುವವರು ಸಾಮಾನ್ಯವಾಗಿ ಆಂಟೆನಾ ಎಷ್ಟಿವೆ, ಡಬ್ಬದ ಮೇಲೆ ಎಷ್ಟು ವೇಗ ಬರೆದಿದೆ ಎಂದು ನೋಡುತ್ತಾರೆಯೇ ಹೊರತು ಈ ದಾರಿಯ ಬಗ್ಗೆ ವಿಚಾರಿಸುವುದಿಲ್ಲ. ಆದರೆ ಹಾಕಿದ ಹಣಕ್ಕೆ ಫಲ ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿರುತ್ತದೆ.

ನಮ್ಮ ಊರುಗಳ ಮನೆಗಳಲ್ಲಿ ಫೈಬರ್ ಎಳೆ ಸಾಮಾನ್ಯವಾಗಿ ರಸ್ತೆಯ ಕಡೆಯಿಂದ ಒಳಗೆ ಬರುತ್ತದೆ. ಆ ಎಳೆ ಬಂದು ಸೇರುವ, ಸಾಮಾನ್ಯವಾಗಿ ಮುಖ್ಯ ರೌಟರೂ ತಾನೇ ಆಗಿರುವ, ಕಂಪನಿಯವರು ತಂದುಕೊಡುವ ಓಎನ್‌ಟಿ ಡಬ್ಬವನ್ನು ಹಾಲಿನಲ್ಲಿ ಟಿ.ವಿ.ಯ ಪಕ್ಕಕ್ಕೆ ಮೊಳೆ ಹೊಡೆದು ಕೂರಿಸಲಾಗುತ್ತದೆ. ವೈಫೈ ಬೇಕಾಗುವುದು ಮಹಡಿಯ ಹಿಂಬದಿಯ ಕೋಣೆಯಲ್ಲಿ. ನಡುವೆ ಕಬ್ಬಿಣದ ಸರಳುಗಳ ಜಾಲರಿಯಿರುವ ಆರ್‌ಸಿಸಿ ಛಾವಣಿ, ಕಬ್ಬಿಣದ ಬೀರು, ಒಂದೆರಡು ಗೋಡೆಗಳಿರುತ್ತವೆ. ಕರಾವಳಿಯ ಹಳೆಯ ಮನೆಗಳಲ್ಲಾದರೆ ದಪ್ಪನೆಯ ಕೆಂಪು ಮುರಕಲ್ಲಿನ ಗೋಡೆಗಳು. 2.4 ಗಿಗಾಹರ್ಟ್ಸ್ ಅಲೆ ಇವನ್ನು ಹೇಗೋ ದಾಟಿ ಬರುತ್ತದೆ. ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್ ಅಲೆ ದಾರಿಯಲ್ಲೇ ಸೊರಗಿಬಿಡುತ್ತದೆ. ಆಗ ಮನೆಯವರು ಒಂದು ರಿಪೀಟರ್, ಅಂದರೆ ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ಕಳಿಸುವ ಉಪಕರಣ, ತಂದು ಅದೇ ಹಿಂಬದಿಯ ಕೋಣೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಫೋನಿನಲ್ಲಿ ಸಿಗ್ನಲ್ ಪೂರ್ತಿ ತೋರಿಸುತ್ತದೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ.

ಇಲ್ಲಿ ಫೋನು ಸುಳ್ಳು ಹೇಳುತ್ತಿಲ್ಲ. ಅದು ತೋರಿಸುವುದು ತನಗೂ ಪಕ್ಕದಲ್ಲಿರುವ ರಿಪೀಟರಿಗೂ ನಡುವಿನ ಸಿಗ್ನಲನ್ನು. ರಿಪೀಟರಿಗೂ ಕೆಳಗಿನ ರೌಟರಿಗೂ ನಡುವಿನ ಕೊಂಡಿ ಎಷ್ಟು ಬಡವಾಗಿದೆ ಎಂಬುದು ಅದಕ್ಕೆ ಕಾಣುವುದೇ ಇಲ್ಲ. ಇದನ್ನು ಕಂಡುಕೊಳ್ಳಲು ಸುಲಭದ ಪರೀಕ್ಷೆಯೊಂದಿದೆ. ಆ ಕೋಣೆಯಲ್ಲೇ ಕುಳಿತು ಲ್ಯಾಪ್‌ಟಾಪಿನಿಂದ ಮುಖ್ಯ ರೌಟರಿನ ವಿಳಾಸಕ್ಕೆ, ಅಂದರೆ ಬಹಳಷ್ಟು ಮನೆಗಳಲ್ಲಿ 192.168.1.1ಕ್ಕೆ, ಪಿಂಗ್ ಮಾಡಿ, ಅಂದರೆ ಪುಟ್ಟ ಸಂದೇಶಗಳನ್ನು ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂದು ಅಳೆಯುವ ಆದೇಶ ಕೊಟ್ಟು, ಒಂದೆರಡು ನಿಮಿಷ ಬಿಡಬೇಕು. ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ಒಂದೇ ಸಮನೆ ಬರುತ್ತಿದ್ದರೆ ಬ್ಯಾಕ್‌ಹಾಲ್ ಚೆನ್ನಾಗಿದೆ, ತೊಂದರೆಯಿದ್ದರೆ ಅದು ಮನೆಯ ಹೊರಗಿನದು. ಸಂಖ್ಯೆ ಐದರಿಂದ ಇನ್ನೂರಕ್ಕೆ ಹಾರಿ, ಮತ್ತೆ ಇಳಿದು, ನಡುನಡುವೆ ಉತ್ತರವೇ ಬಾರದೆ ಹೋದರೆ ತೊಂದರೆ ಮನೆಯೊಳಗೇ ಇದೆ. ಆಗ ಕಂಪನಿಯವರಿಗೆ ದೂರು ಕೊಟ್ಟು ದುಬಾರಿ ಪ್ಲಾನಿಗೆ ಬದಲಾಯಿಸಿಕೊಂಡರೂ ಏನೂ ಸುಧಾರಿಸುವುದಿಲ್ಲ.

ನಿಸ್ತಂತು ಬ್ಯಾಕ್‌ಹಾಲಿನ ಮೂಲಭೂತ ಮಿತಿಯೆಂದರೆ, ಒಂದೇ ಚಾನೆಲ್‌ನಲ್ಲಿ ಕೆಲಸ ಮಾಡುವ ರಿಪೀಟರು ಬಂದ ಮಾಹಿತಿಯ ಪ್ರತಿಯೊಂದು ಪೊಟ್ಟಣವನ್ನೂ (ಪ್ಯಾಕೆಟ್) ಮೊದಲು ಕೇಳಿಸಿಕೊಂಡು ಆಮೇಲೆ ಮತ್ತೊಮ್ಮೆ ಹೇಳಬೇಕು. ಅದೇ ಮಾಹಿತಿ ಗಾಳಿಯಲ್ಲಿ ಎರಡು ಸಲ ಸಾಗುವುದರಿಂದ ಸಿಗುವ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರಾಚೆಗೆ ಇನ್ನೊಂದು ರಿಪೀಟರ್ ಜೋಡಿಸಿದರೆ ಮತ್ತಷ್ಟು ಇಳಿಯುತ್ತದೆ. ಎರಡು ಬ್ಯಾಂಡಿನ (2.4 ಮತ್ತು 5 ಗಿಗಾಹರ್ಟ್ಸ್) ಉಪಕರಣದಲ್ಲಿ ಒಂದನ್ನು ರೌಟರುಗಳ ನಡುವಿನ ಮಾತಿಗೂ ಇನ್ನೊಂದನ್ನು ಫೋನುಗಳಿಗೂ ಬಿಟ್ಟರೆ ಈ ನಷ್ಟ ತಗ್ಗುತ್ತದೆ. ಟ್ರೈ-ಬ್ಯಾಂಡ್ ಎಂದು ಮಾರುವ ಅನೇಕ ಮೆಶ್ ಸೆಟ್ಟುಗಳಲ್ಲಿ, ಅಂದರೆ ಒಂದೇ ಜಾಲವಾಗಿ ಕೆಲಸ ಮಾಡುವ ರೌಟರುಗಳ ಗುಂಪುಗಳಲ್ಲಿ, ಮೂರನೆಯ ರೇಡಿಯೊ ಇರುವುದು ಈ ಕಾರಣಕ್ಕಾಗಿಯೇ. ಮೆಶ್ ಜಾಲಕ್ಕೆ 2011ರಲ್ಲಿ 802.11ಎಸ್ ಎಂಬ ಮಾನಕ ಬಂದಿತು, 2018ರಲ್ಲಿ ಬೇರೆ ಬೇರೆ ಕಂಪನಿಗಳ ರೌಟರುಗಳು ಒಂದಾಗಿ ಕೆಲಸ ಮಾಡಲೆಂದು ವೈಫೈ ಅಲಯನ್ಸ್ ಈಸಿಮೆಶ್ ಎಂಬ ಪ್ರಮಾಣೀಕರಣವನ್ನು ಆರಂಭಿಸಿತು. ಇವು ಜೋಡಣೆಯನ್ನು ಸುಲಭ ಮಾಡಿವೆ, ನಿರ್ವಹಣೆಯನ್ನು ಒಂದೇ ಆ್ಯಪ್‌ಗೆ ತಂದಿವೆ. ಆದರೆ ಕಾಂಕ್ರೀಟನ್ನು ತೆಳ್ಳಗೆ ಮಾಡಿಲ್ಲ. ಮೆಶ್ ಆದರೂ ರಿಪೀಟರ್ ಆದರೂ, ಎರಡನೆಯ ಡಬ್ಬವನ್ನು ಸಿಗ್ನಲ್ ಸತ್ತುಹೋದ ಜಾಗದಲ್ಲಲ್ಲ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ, ಉದಾಹರಣೆಗೆ ಮೆಟ್ಟಿಲಿನ ತಿರುವಿನಲ್ಲಿ, ಇಡಬೇಕು.

ಸಾಧ್ಯವಿರುವ ಕಡೆಯೆಲ್ಲ ತಂತಿಯ ಬ್ಯಾಕ್‌ಹಾಲೇ ಮೇಲು ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ನೂರು ಮೀಟರಿನವರೆಗೂ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗವನ್ನು ಒಯ್ಯುತ್ತದೆ, ಮತ್ತು ನೆರೆಮನೆಗಳ ವೈಫೈ ಎಷ್ಟೇ ಇದ್ದರೂ ಅದಕ್ಕೆ ಅಡ್ಡಿಯಿಲ್ಲ. ಮನೆ ಕಟ್ಟಿಸುತ್ತಿರುವವರು ವಿದ್ಯುತ್ ತಂತಿಗಳ ಪೈಪಿನಿಂದ ದೂರವಾಗಿ, ಹಾಲಿನಿಂದ ಮಹಡಿಗೆ ಒಂದು ಖಾಲಿ ಕಂಡ್ಯೂಟ್ ಪೈಪನ್ನಾದರೂ ಹಾಕಿಸಿಡಬೇಕು. ಪ್ಲಾಸ್ಟರ್ ಆದಮೇಲೆ ಅದೇ ಕೆಲಸಕ್ಕೆ ಗೋಡೆ ಕೊರೆಸಬೇಕಾಗುತ್ತದೆ. ಕೇಬಲ್ ಎಳೆಸಿದ ಮೇಲೂ ಜಾಕ್ ಹಾಕುವಾಗ ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು. ಕೇಬಲಿನೊಳಗೆ ನಾಲ್ಕು ಜೋಡಿ, ಅಂದರೆ ಎಂಟು ಎಳೆಗಳಿರುತ್ತವೆ. ಅವಸರದಲ್ಲಿ ನಾಲ್ಕೇ ಎಳೆಗಳನ್ನು ಕ್ರಿಂಪ್ ಮಾಡಿದರೂ ಸಂಪರ್ಕ ಸಿಗುತ್ತದೆ, ದೀಪವೂ ಮಿನುಗುತ್ತದೆ, ಆದರೆ ವೇಗ 100 ಮೆಗಾಬಿಟ್ಟಿನಲ್ಲಿ ನಿಂತುಬಿಡುತ್ತದೆ, ಏಕೆಂದರೆ ಗಿಗಾಬಿಟ್ಟಿಗೆ ಎಂಟೂ ಎಳೆಗಳು ಬೇಕು. ಅಗ್ಗದ ಅನೇಕ ರೌಟರುಗಳ ಪೋರ್ಟುಗಳೇ 100 ಮೆಗಾಬಿಟ್ಟಿನವು ಎಂಬುದನ್ನೂ ಕೊಳ್ಳುವ ಮೊದಲೇ ಗಮನಿಸಬೇಕು.

ತಂತಿಯಿದ್ದರೆ ಮನೆಯಲ್ಲಿ ಬಿದ್ದಿರುವ ಹಳೆಯ ರೌಟರೂ ಸಾಕು. ಅದರಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ವಿಧಾನವಿದ್ದರೆ ಅದನ್ನು ಆರಿಸಬೇಕು. ಇಲ್ಲದಿದ್ದರೆ ಉಪಕರಣಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ವಿಳಾಸವನ್ನು ಮುಖ್ಯ ರೌಟರಿನದಕ್ಕೆ ಘರ್ಷಿಸದಂತೆ 192.168.1.2 ಎಂದೋ ಬೇರೇನೋ ಇಟ್ಟು, ಕೇಬಲನ್ನು ಹೊರಗಿನ ಇಂಟರ್ನೆಟ್ಟಿಗೆಂದಿರುವ ವ್ಯಾನ್ ಪೋರ್ಟಿಗಲ್ಲದೆ ಮನೆಯೊಳಗಿನ ಜಾಲಕ್ಕೆಂದಿರುವ ಲ್ಯಾನ್ ಪೋರ್ಟಿಗೆ ಚುಚ್ಚಬೇಕು. ಹೀಗೆ ಮಾಡದಿದ್ದರೆ ಮನೆಯೊಳಗೆ ಒಂದರ ಹಿಂದೆ ಒಂದು ಎರಡು ಜಾಲಗಳಾಗಿ, ಮೇಲಿನ ಲ್ಯಾಪ್‌ಟಾಪಿನ ಪ್ರಿಂಟರ್ ಪಟ್ಟಿಯಲ್ಲಿ ಕೆಳಗಿನ ಪ್ರಿಂಟರ್ ಕಾಣಿಸುವುದಿಲ್ಲ. ಎರಡಕ್ಕೂ ಒಂದೇ ಹೆಸರು ಮತ್ತು ಪಾಸ್‌ವರ್ಡ್ ಇಟ್ಟು, 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳನ್ನು ಮಾತ್ರ 1, 6, 11ರ ಪೈಕಿ ಬೇರೆ ಬೇರೆಯಾಗಿ ಆರಿಸಬೇಕು.

ಬ್ಯಾಕ್‌ಹಾಲಿನ ನಿಜವಾದ ಪರೀಕ್ಷೆ ನಡೆಯುವುದು ಬ್ಯಾಕಪ್ ಮಾಡುವಾಗ. ಒಂದು ವಿಡಿಯೊ ನೋಡಲು ಕೆಲವು ಮೆಗಾಬಿಟ್ ಸಾಕು. ಮನೆಮಂದಿಯ ವರ್ಷಗಳ ಫೋಟೊಗಳನ್ನೆಲ್ಲ ಒಂದೆಡೆಗೆ ನಕಲಿಸಲು ಸಾಲದು. ಒಂದು ಟೆರಾಬೈಟ್ ಎಂದರೆ 80 ಲಕ್ಷ ಮೆಗಾಬಿಟ್. ಸೊರಗಿದ ರಿಪೀಟರಿನ ಮೂಲಕ 20 ಮೆಗಾಬಿಟ್ ವೇಗದಲ್ಲಿ ಅದನ್ನು ಸಾಗಿಸಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು; 100 ಮೆಗಾಬಿಟ್ಟಿನ ತಂತಿಯಲ್ಲಿ 22 ಗಂಟೆ; ಗಿಗಾಬಿಟ್ ತಂತಿಯಲ್ಲಿ, ಡಿಸ್ಕಿನ ವೇಗ ಅಡ್ಡ ಬಾರದಿದ್ದರೆ, ಸುಮಾರು ಎರಡೂಕಾಲು ಗಂಟೆ. ಆದ್ದರಿಂದ ನ್ಯಾಸ್ ಎಂದು ಕರೆಯುವ ಜಾಲದ ಡಿಸ್ಕನ್ನು ಮುಖ್ಯ ರೌಟರಿಗೆ ಕೇಬಲಿನಿಂದಲೇ ಜೋಡಿಸಬೇಕು, ಮೊದಲ ಪೂರ್ತಿ ಬ್ಯಾಕಪ್ಪನ್ನು ಲ್ಯಾಪ್‌ಟಾಪಿಗೂ ಕೇಬಲ್ ಹಾಕಿಯೇ ಮುಗಿಸಬೇಕು. ಅನಂತರ ದಿನವೂ ಬದಲಾದ ಕಡತಗಳಷ್ಟೇ ಹೋಗುವುದರಿಂದ ವೈಫೈ ಸಾಕಾಗುತ್ತದೆ.

ರೌಟರನ್ನೂ ಬ್ಯಾಕಪ್ ಡಿಸ್ಕನ್ನೂ ಒಂದೇ ಡಬ್ಬದಲ್ಲಿ ಸೇರಿಸಿದ ಹೆಸರಾಂತ ಪ್ರಯತ್ನವೆಂದರೆ ಆ್ಯಪಲ್ ಕಂಪನಿಯ ಟೈಮ್ ಕ್ಯಾಪ್ಸೂಲ್. 2008ರ ಜನವರಿಯಲ್ಲಿ 500 ಗಿಗಾಬೈಟ್ ಮತ್ತು ಒಂದು ಟೆರಾಬೈಟ್ ಮಾದರಿಗಳಲ್ಲಿ ಅದು ಪ್ರಕಟವಾಯಿತು. 2018ರಲ್ಲಿ ಕಂಪನಿ ತನ್ನ ರೌಟರುಗಳ ವ್ಯವಹಾರವನ್ನೇ ನಿಲ್ಲಿಸಿತು. ಈಗ ಅದೇ ಅನುಕೂಲಕ್ಕಾಗಿ ಜನರು ರೌಟರಿನ ಯುಎಸ್‌ಬಿ ಪೋರ್ಟಿಗೆ ಹಾರ್ಡ್ ಡಿಸ್ಕ್ ಚುಚ್ಚುತ್ತಾರೆ. ಇದರಲ್ಲಿ ಒಂದು ಎಚ್ಚರ ಬೇಕು. ಹಳೆಯ ಹಲವು ರೌಟರುಗಳು ಕಡತ ಹಂಚಿಕೊಳ್ಳಲು ಬಳಸುವುದು ಎಸ್‌ಎಂಬಿ ಎಂಬ ಜಾಲದ ಕಡತಹಂಚಿಕೆ ನಿಯಮಾವಳಿಯ ಮೊದಲನೆಯ ಆವೃತ್ತಿಯನ್ನು. 2017ರಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಕುತಂತ್ರಾಂಶ ವಿಂಡೋಸ್‌ನಲ್ಲಿ ಬಳಸಿಕೊಂಡದ್ದು ಇದೇ ಆವೃತ್ತಿಯ ದೋಷವನ್ನು. ಅದೇ ವರ್ಷದ ಕೊನೆಯಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದಿಲ್ಲ. ರೌಟರಿನ ಡಿಸ್ಕ್ ಕಂಪ್ಯೂಟರಿನಲ್ಲಿ ಕಾಣದಿದ್ದಾಗ ಆ ಹಳೆಯ ಆವೃತ್ತಿಯನ್ನು ಮತ್ತೆ ಚಾಲೂ ಮಾಡಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಅದನ್ನು ಪಾಲಿಸಬಾರದು, ರೌಟರನ್ನೇ ಬದಲಾಯಿಸಬೇಕು.

ನ್ಯಾಸ್‌ನೊಳಗೆ ಎರಡು ಡಿಸ್ಕುಗಳಿದ್ದು ಒಂದರ ಪ್ರತಿ ಇನ್ನೊಂದರಲ್ಲಿ ಇರುವಂತೆ ಮಾಡಿದರೆ ಡಿಸ್ಕ್ ಕೆಟ್ಟಾಗ ಉಪಯೋಗವಾಗುತ್ತದೆ, ಆದರೆ ಅದು ಬ್ಯಾಕಪ್ ಅಲ್ಲ: ತಪ್ಪಿ ಅಳಿಸಿದ ಕಡತ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ, ಕುತಂತ್ರಾಂಶ ಬೀಗ ಹಾಕಿದರೆ ಎರಡಕ್ಕೂ ಬೀಳುತ್ತದೆ. ಮುಖ್ಯವಾದವುಗಳ ಇನ್ನೊಂದು ಪ್ರತಿ ಜಾಲಕ್ಕೆ ಸಿಕ್ಕಿಸದ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಬೇಕು.

ಕೊನೆಯದಾಗಿ ಕರೆಂಟಿನ ವಿಚಾರ. ಓಎನ್‌ಟಿಗೆ ಮಾತ್ರ ಪುಟ್ಟ 12 ವೋಲ್ಟಿನ ಯುಪಿಎಸ್ ಹಾಕಿ, ಮಹಡಿಯ ರೌಟರನ್ನು ಬರಿಯ ಪ್ಲಗ್ಗಿಗೆ ಬಿಟ್ಟರೆ ಕರೆಂಟ್ ಹೋದೊಡನೆ ಮಹಡಿಯ ಜಾಲ ಸತ್ತುಹೋಗುತ್ತದೆ. ಆದ್ದರಿಂದ ದಾರಿಯ ಎರಡೂ ತುದಿಗಳಿಗೆ ಬ್ಯಾಟರಿಯ ಆಸರೆ ಬೇಕು. ನ್ಯಾಸ್‌ಗಂತೂ ಅದು ಇನ್ನೂ ಅಗತ್ಯ, ಏಕೆಂದರೆ ಬರೆಯುತ್ತಿರುವಾಗಲೇ ವಿದ್ಯುತ್ ಕಡಿದುಹೋದರೆ ಕಡತವ್ಯವಸ್ಥೆಯೇ ಹಾಳಾಗಬಹುದು. ಅದಕ್ಕೆ ಯುಎಸ್‌ಬಿ ಮೂಲಕ ಸುದ್ದಿ ಮುಟ್ಟಿಸುವ ಯುಪಿಎಸ್ ಕೊಂಡರೆ, ಬ್ಯಾಟರಿ ಮುಗಿಯುವ ಮೊದಲೇ ನ್ಯಾಸ್ ಬರೆಯುವುದನ್ನು ನಿಲ್ಲಿಸಿ ಕ್ರಮವಾಗಿ ತಾನೇ ಆರಿಕೊಳ್ಳುತ್ತದೆ.