ನ್ಯೂಟ್ರಲ್ ಹಾಕಿದ್ರ ಡೀಜಲ್ ಉಳಿತೈತೇನ್ರಿ?

ಬೆಳಗಿನ ಜಾವ ಐದು ಗಂಟೆ. ಹಿರಿಯೂರು ದಾಟಿ ಸ್ವಲ್ಪ ಮುಂದೆ, ಚಹಾದಂಗಡಿ ಎದುರು ಹದಿನಾಲ್ಕು ಗಾಲಿಯ ಲಾರಿ ನಿಂತಿತ್ತು. ಡ್ರೈವರು ಮೊಳದುದ್ದದ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ತಟ್ಟುತ್ತ ಸುತ್ತು ಹಾಕುತ್ತಿದ್ದರು. ಗಾಳಿ ಸರಿಯಿದ್ದ ಟೈರು ಠಣ್ಣೆಂದು ರಾಡನ್ನು ವಾಪಸ್ ಎಸೆಯುತ್ತದೆ, ಗಾಳಿ ಇಳಿದದ್ದು ದಬ್ಬೆಂದು ಸುಮ್ಮನಾಗುತ್ತದೆ. ಜೋಡಿ ಟೈರಿನಲ್ಲಿ ಒಳಗಿನದು ಪಂಕ್ಚರ್ ಆದರೆ ಕಣ್ಣಿಗೆ ತಿಳಿಯುವುದೇ ಇಲ್ಲ, ಅದರ ಪಾಲಿನ ಭಾರವನ್ನೂ ಹೊರಗಿನದೇ ಹೊತ್ತು ನಿಂತಿರುತ್ತದೆ. ಅದಕ್ಕೇ ಕಿವಿ ಬೇಕು.

ರಾಣೆಬೆನ್ನೂರು ಕಡೆಯವರು. ಬೆಂಗಳೂರಿನಿಂದ ಮುಂಬೈಗೆ ಲೋಡು. ನಾಲ್ಕು ವರ್ಷ ಕ್ಲೀನರ್ ಆಗಿದ್ದು ಆಮೇಲೆ ಸ್ಟೇರಿಂಗ್ ಹಿಡಿದವರು. ಮಾತಿಗೆ ಮಾತು ಬೆಳೆದು ಘಾಟಿಗೆ ಬಂತು. "ಇಳಿಜಾರಿನ್ಯಾಗ ನ್ಯೂಟ್ರಲ್ ಹಾಕಿದ್ರ ಡೀಜಲ್ ಉಳಿತೈತ್ರೀ ಸರ, ನಮ್ಮ ಉಸ್ತಾದ್ ಹಂಗ ಕಲಿಸಿದ್ರು. ಈಗಿನ ಕಂಪನಿ ಹುಡುಗ್ರು ಹಾಕಬ್ಯಾಡ ಅಂತಾರ. ಯಾವುದ್ ಖರೆ?"

ಹುಡುಗರು ಹೇಳಿದ್ದೇ ಖರೆ. ಈಗಿನ ಡೀಸೆಲ್ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎಷ್ಟು ಡೀಸೆಲ್ ಸಿಡಿಸಬೇಕೆಂದು ಲೆಕ್ಕ ಹಾಕುವುದು ಒಂದು ಪುಟ್ಟ ಕಂಪ್ಯೂಟರ್. ಗೇರಿನಲ್ಲಿದ್ದುಕೊಂಡು ಎಕ್ಸಲರೇಟರ್ ಬಿಟ್ಟರೆ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ ಎಂಬುದು ಅದಕ್ಕೆ ಗೊತ್ತಾಗಿ, ಡೀಸೆಲ್ ಪೂರ್ತಿ ನಿಲ್ಲಿಸಿಬಿಡುತ್ತದೆ. ಆಗ ಖರ್ಚು ಸೊನ್ನೆ. ನ್ಯೂಟ್ರಲ್‌ಗೆ ಹಾಕಿದಿರೋ, ಗಾಲಿಗೂ ಎಂಜಿನ್ನಿಗೂ ಸಂಬಂಧ ಕಡಿದುಹೋಗುತ್ತದೆ, ಎಂಜಿನ್ ಆರಿಹೋಗದ ಹಾಗೆ ಡೀಸೆಲ್ ಕೊಡುತ್ತಲೇ ಇರಬೇಕಾಗುತ್ತದೆ. ತೀರಾ ಸಣ್ಣ ಇಳಿಜಾರಿನಲ್ಲಿ ಗಾಡಿ ಇನ್ನಷ್ಟು ದೂರ ಉರುಳಿ ಎರಡು ಚಮಚ ಉಳಿದೀತು. ಘಾಟಿಯಲ್ಲಿ ಮಾತ್ರ ಉಳಿಯುವುದು ಏನೂ ಇಲ್ಲ, ಹೋಗುವುದು ಬ್ರೇಕು.

ಹೇಗೆ ಅಂದರೆ, 40 ಟನ್ ಲಾರಿ 100 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 3.9 ಕೋಟಿ ಜೂಲ್. 125 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಸಾಕು, ಅಂದರೆ ಮದುವೆಮನೆಯ ದೊಡ್ಡ ಹಂಡೆಯೊಂದರ ನೀರು. ಗಾಳಿ, ಟೈರಿನ ತಿಕ್ಕಾಟ ಸ್ವಲ್ಪ ನುಂಗುತ್ತವೆ. ಗೇರಿನಲ್ಲಿದ್ದರೆ ಎಂಜಿನ್ನೂ, ಹೊಗೆಯ ದಾರಿ ಮುಚ್ಚಿ ಎಂಜಿನ್ನನ್ನು ಬಿಗಿಹಿಡಿಯುವ ಎಕ್ಸಾಸ್ಟ್ ಬ್ರೇಕೂ ದೊಡ್ಡ ಪಾಲು ತಡೆದುಕೊಳ್ಳುತ್ತವೆ. ನ್ಯೂಟ್ರಲ್‌ನಲ್ಲಿ ಮಿಕ್ಕದ್ದೆಲ್ಲ ಬ್ರೇಕ್ ಡ್ರಮ್ಮಿನ ಪಾಲು. ಡ್ರಮ್ಮು ಕಾದು ಹಿಗ್ಗುತ್ತದೆ, ಅದಕ್ಕೆ ಒತ್ತಿ ತಡೆಯುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಇದೇ ಹೆದ್ದಾರಿ ಪುಣೆ ಹತ್ತಿರ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಜಾಗದಲ್ಲಿ ಮತ್ತೆ ಮತ್ತೆ ಅಪಘಾತಗಳಾಗಿವೆ. ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿಯೂ ಅದಕ್ಕೆ ಒಂದು ಕಾರಣವೆಂದು ಅಲ್ಲಿನ ಪೊಲೀಸರು ಹೇಳುತ್ತಲೇ ಬಂದಿದ್ದಾರೆ.

ಇವರು ಕೇಳಿಸಿಕೊಂಡು, "ಹಂಗಾರ ಇಷ್ಟು ವರ್ಷ ಸುಳ್ಳ ಉಳಿಸಿದ್ನೆ?" ಎಂದು ನಕ್ಕರು. ಅವರನ್ನು ದೂರುವಂತಿಲ್ಲ. ಉಸ್ತಾದರಿಂದ ಕ್ಲೀನರಿಗೆ ದಾಟುತ್ತ ಬಂದ ವಿದ್ಯೆ ಅದು, ನಡುವೆ ಎಂಜಿನ್ನೇ ಬದಲಾಗಿಬಿಟ್ಟಿತು.

2020ರ ಏಪ್ರಿಲ್ 1ರಿಂದ ಬಂದ, ಹೊಗೆಯ ಹೊಸ ಮಿತಿಗೆ ತಕ್ಕ ಬಿಎಸ್ 6 ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕಕ್ಕೆ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕಿದೆ. ಡ್ರೈವರುಗಳ ಬಾಯಲ್ಲಿ ಅದು 'ಯೂರಿಯಾ'. ಹೊಲಕ್ಕೆ ಎರಚುವ ಯೂರಿಯಾದ ಜಾತಿಯದೇ, ಆದರೆ ಬಹಳ ಶುದ್ಧ. ಶೇ. 32.5ರಷ್ಟು ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ಬಿಸಿ ಹೊಗೆಗೆ ಸಿಂಪಡಿಸಿದಾಗ ಅಮೋನಿಯಾ ಆಗಿ, ನೈಟ್ರೋಜನ್ ಆಕ್ಸೈಡ್ ಎಂಬ ವಿಷವನ್ನು ಬರೀ ನೈಟ್ರೋಜನ್, ನೀರು ಮಾಡಿ ಬಿಡುತ್ತದೆ. ಅದು ಖಾಲಿಯಾದರೆ ಎಂಜಿನ್ ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆ. ರಸ್ತೆ ಬದಿ ಮೆಕ್ಯಾನಿಕ್ಕಿನ ಸ್ಪ್ಯಾನರಿಗೆ ಬಗ್ಗುವ ರೋಗ ಅಲ್ಲ ಇದು.

ಡೀಸೆಲ್ ಟ್ಯಾಂಕಿನೊಳಗೂ ಒಬ್ಬ ಕಾವಲುಗಾರ ಕೂತಿದ್ದಾನೆ. ಒಂದರೊಳಗೊಂದು ತೂರಿಸಿದ ಎರಡು ಲೋಹದ ಕೊಳವೆ. ಅವುಗಳ ನಡುವೆ ಗಾಳಿಯಿದ್ದಾಗ ಹಿಡಿಯುವ ವಿದ್ಯುದಾವೇಶಕ್ಕಿಂತ ಡೀಸೆಲ್ ಇದ್ದಾಗ ಸುಮಾರು ಎರಡು ಪಟ್ಟು ಹೆಚ್ಚು ಹಿಡಿಯುತ್ತದೆ. ಆ ವ್ಯತ್ಯಾಸ ಅಳೆದರೆ ಡೀಸೆಲ್ ಎಲ್ಲಿಯವರೆಗೆ ಇದೆಯೆಂದು ತಿಳಿಯುತ್ತದೆ. ಸಿಮ್ ಕಾರ್ಡಿನ ಮೂಲಕ ಆ ಅಂಕಿ ಮಾಲೀಕರ ಮೊಬೈಲಿಗೆ ಹೋಗುತ್ತದೆ. ಓಡುವಾಗ ಗೆರೆ ನಿಧಾನಕ್ಕೆ ಇಳಿಯುತ್ತದೆ, ಯಾರಾದರೂ ಪೈಪು ಹಾಕಿ ತೆಗೆದರೆ ಧಡಕ್ಕನೆ ಬೀಳುತ್ತದೆ. ದಾರಿಯಲ್ಲಿ ಹತ್ತು ಲೀಟರ್ ಮಾರಿ, ದಾರಿಖರ್ಚಿಗೆ ಕೊಡುವ ಬಾಟಾ ಜೊತೆ ಸೇರಿಸಿಕೊಳ್ಳುವ ಹಳೆಯ ವ್ಯವಹಾರ ಇದರಿಂದ ಬಹುಮಟ್ಟಿಗೆ ನಿಂತಿದೆ. ಆದರೆ ಕೊಳವೆಗೆ ಕಾಣುವುದು ಡೀಸೆಲ್ಲಿನ ಮಟ್ಟ ಮಾತ್ರ. ಏರಿನಲ್ಲಿ ಟ್ಯಾಂಕು ವಾಲಿ ಡೀಸೆಲ್ ಒಂದು ಮೂಲೆಗೆ ಸರಿದರೂ ಅದಕ್ಕೆ ಕಳ್ಳತನವೇ. ಅಳತೆಗಳ ಸರಾಸರಿ ತೆಗೆದು ಸರಿಪಡಿಸುವ ಸಾಫ್ಟ್‌ವೇರ್ ಇದೆ, ಎಲ್ಲ ಗಾಡಿಯಲ್ಲೂ ಒಂದೇ ಥರ ಚೆನ್ನಾಗಿಲ್ಲ. ಖಂಬಾಟ್ಕಿ ಘಾಟಿನಲ್ಲಿ ಒಮ್ಮೆ ಇವರಿಗೆ ರಾತ್ರಿ ಎರಡಕ್ಕೆ ಫೋನು ಬಂತಂತೆ: ಡೀಸೆಲ್ ಎಲ್ಲಿ ಹೋಯ್ತು? "ಟ್ಯಾಂಕಿನ್ಯಾಗ ಐತ್ರೀ ಅಂದೆ. ನಂಬಲಿಲ್ಲ. ವಿಡಿಯೋ ಕಾಲ್ ಮಾಡಿ ಟ್ಯಾಂಕ್ ತೋರ್ಸಿದೆ."

ನನ್ನನ್ನು ಹೆಚ್ಚು ಕಾಡಿದ್ದು ಇವರು ಹೇಳಿದ ಇನ್ನೊಂದು ಮಾತು. ಮೊದಲು ಗಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ಗಂಟೆಗಟ್ಟಲೆ ನಿಲ್ಲುತ್ತಿತ್ತು. ಕ್ಲೀನರ್ ಕಾಗದ ಹಿಡಿದು ಓಡಾಡಿದರೆ ಡ್ರೈವರಿಗೆ ನಿದ್ದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಇಲ್ಲವಾದವು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಗಾಜಿಗಂಟಿದ ಆ ಚೀಟಿಯಲ್ಲಿ ಬ್ಯಾಟರಿಯೇ ಇಲ್ಲ, ಟೋಲಿನ ಆಂಟೆನಾದಿಂದ ಬರುವ ರೇಡಿಯೋ ಅಲೆಯಲ್ಲೇ ಜೀವ ಪಡೆದು, ಅದನ್ನೇ ತಿರುಗಿಸಿ ತನ್ನ ನಂಬರು ಹೇಳುತ್ತದೆ. ಕ್ಷಣದ ಕೆಲಸ. ಜೊತೆಗೆ ಸರಕು ಸಾಗಣೆಯ ಆನ್‌ಲೈನ್ ರಹದಾರಿಯಾದ ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಗಡುವು. ಕಾಯುವುದು ತಪ್ಪಿದ್ದು ದೇಶಕ್ಕೆ ಲಾಭವೇ, ಅನುಮಾನವಿಲ್ಲ. ಆದರೆ ಆ ಸಾಲಿನಲ್ಲಿ ಸಿಗುತ್ತಿದ್ದ ನಿದ್ದೆಗೆ ಬದಲಿ ಯಾರೂ ಕೊಡಲಿಲ್ಲ. ಟ್ಯೂಬ್‌ಲೆಸ್ ಟೈರು, ಪವರ್ ಸ್ಟೇರಿಂಗ್ ಬಂದ ಮೇಲೆ ಎಷ್ಟೋ ಲಾರಿಗಳಲ್ಲಿ ಕ್ಲೀನರೂ ಇಲ್ಲ, ಮಾತಾಡಿಸಿ ಎಚ್ಚರ ಇಡುವ ಬಾಯಿಯೂ ಹೋಯಿತು.

ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತ ಹೋಗಿ ಮಂಪರು ತರುತ್ತದೆ. ಚಹಾದ ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ, ಅಡೆನೋಸಿನ್ ಕರಗುವುದಿಲ್ಲ, ಹೊರಗೆ ಕಾಯುತ್ತಿರುತ್ತದೆ. ಇದರ ಮೇಲೆ ದೇಹದ ಗಡಿಯಾರ ಬೇರೆ, ಬೆಳಗಿನ ಜಾವ ಅದು ತಳ ಮುಟ್ಟುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ಗಾಡಿ 67 ಮೀಟರ್ ತನ್ನಷ್ಟಕ್ಕೆ ಹೋಗಿರುತ್ತದೆ.

ಇವರ ಗಾಜಿನ ಮೇಲೆ ಅದಕ್ಕೂ ಒಂದು ಕ್ಯಾಮೆರಾ ಇದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಕತ್ತಲಲ್ಲೂ ರೆಪ್ಪೆ ಎಷ್ಟು ಹೊತ್ತು ಮುಚ್ಚಿತ್ತೆಂದು ಲೆಕ್ಕ ಇಡುತ್ತದೆ, ಮಿತಿ ಮೀರಿದರೆ ಕೂಗುತ್ತದೆ. "ಒದರತೈತ್ರಿ. ಒದರಿ ಏನ್ ಮಾಡ್ತೈತಿ, ನಾ ಮಲಗಿದ್ರ ಅದು ಗಾಡಿ ಹೊಡೀತೈತೇನು?"

ಅಷ್ಟರಲ್ಲಿ ಅವರ ಮೊಬೈಲು ಟಿಂಗ್ ಎಂದಿತು. ನನ್ನ ಕಡೆ ತಿರುಗಿಸಿ ತೋರಿಸಿದರು: ಗಾಡಿ 22 ನಿಮಿಷದಿಂದ ನಿಂತಿದೆ, ಯಾಕೆ? ಅವರು ಅರ್ಧ ಖಾಲಿಯಾದ ಚಹಾ ಲೋಟದ ಫೋಟೋ ತೆಗೆದು ಕಳಿಸಿದರು. ಉಳಿದ ಅರ್ಧ ಒಂದೇ ಗುಟುಕಿಗೆ ಕುಡಿದು, ಇನ್ನೂ ತಟ್ಟದೆ ಬಿಟ್ಟಿದ್ದ ಎಡಗಡೆಯ ಟೈರುಗಳತ್ತ ರಾಡು ಹಿಡಿದು ನಡೆದರು.